ಸೋಲಾರ ಸಾಲುಗಳ ನಡುವಿನ ನೆರಳು: ಹೊಲ ಕೊಡುವ ಮೊದಲು ಅಳೆದು ನೋಡಿ

(ಹಾಲು ಉತ್ಪಾದಕ ಸದಸ್ಯರ ತಿಳುವಳಿಕೆ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲ ಭಾಗಗಳಿಂದ ಬಂದಿರುವ ಹಾಲು ಉತ್ಪಾದಕ ಬಂಧು ಭಗಿನಿಯರೆ,

ಇಂಥ ಸಭೆಗಳಲ್ಲಿ ಸಾಮಾನ್ಯವಾಗಿ ಕೆಚ್ಚಲು ಬಾವು, ಖನಿಜ ಮಿಶ್ರಣ, ಫ್ಯಾಟು, ಎಸ್.ಎನ್.ಎಫ್. ಇವುಗಳ ಮಾತು ನಡೆಯುತ್ತದೆ. ಇಂದು ನೆರಳಿನ ಬಗ್ಗೆ ಮಾತನಾಡಬೇಕೆಂದು ನನಗೆ ಹೇಳಿದ್ದಾರೆ. ಆಕಳಿಗೆ ಬೇಕಾದ ನೆರಳಲ್ಲ, ಸೋಲಾರ ಫಲಕಕ್ಕೆ ಬೇಡವಾದ ನೆರಳು. ಫಲಕ ಎಂದರೆ ನಾವು ನೀವು ಪ್ಲೇಟು ಎನ್ನುವುದು. ಮುಂದೆ ನಾನೂ ಪ್ಲೇಟು ಎಂದೇ ಹೇಳುತ್ತೇನೆ.

ಈ ವಿಷಯ ಬಂದದ್ದು ಸದಸ್ಯರಿಬ್ಬರು ಕೇಳಿದ ಪ್ರಶ್ನೆಗಳಿಂದ. ಒಬ್ಬರು ಕೇಳಿದರು: "ಸಾಹೇಬರೆ, ಹೊಲದಲ್ಲಿ ಪ್ಲೇಟು ಹಾಕುವ ನಕ್ಷೆ ತೋರಿಸಿದರು. ಸಾಲಿಗೂ ಸಾಲಿಗೂ ನಡುವೆ ಜಾಗ ಖಾಲಿ ಬಿಟ್ಟಿದ್ದಾರೆ. ಒತ್ತಾಗಿ ಹಾಕಿದರೆ ಇನ್ನೂ ನಾಲ್ಕು ಸಾಲು ಹಿಡಿಸುತ್ತವಲ್ಲ, ಜಾಗ ಯಾಕೆ ಹಾಳು ಮಾಡಬೇಕು?" ಇನ್ನೊಬ್ಬರದು ಬೇರೆ ಚಿಂತೆ: "ಆ ಖಾಲಿ ಜಾಗದಲ್ಲಿ ನನ್ನ ಎಮ್ಮೆಗೆ ಹುಲ್ಲು ಸಿಗುತ್ತದೆಯೆ?" ಎರಡೂ ಒಂದೇ ಪ್ರಶ್ನೆ. ಎರಡಕ್ಕೂ ಉತ್ತರ ಹೇಳುವುದು ಡಿಸೆಂಬರ ತಿಂಗಳ ಬೆಳಗಿನ ನೆರಳು.

ಬಿತ್ತುವಾಗ ಸಾಲಿನಿಂದ ಸಾಲಿಗೆ ಅಂತರ ಎಷ್ಟಿರಬೇಕೆಂದು ನಿಮಗೆ ಯಾರೂ ಕಲಿಸಬೇಕಾಗಿಲ್ಲ. ಹತ್ತಿಗೆ ಒಂದು ಅಂತರ, ಬಿಳಿಜೋಳಕ್ಕೆ ಒಂದು ಅಂತರ. ಎಡೆಕುಂಟೆ ಹಾಯಬೇಕು, ಒಂದರ ನೆರಳು ಇನ್ನೊಂದನ್ನು ಹೊಡೆಯಬಾರದು. ಬದುವಿನ ಜಾಲಿ ಗಿಡದ ನೆರಳು ಬಿದ್ದಷ್ಟು ಜಾಗದಲ್ಲಿ ತೆನೆ ಸಣ್ಣದಾಗುವುದನ್ನು ನೋಡಿಯೇ ಇದ್ದೀರಿ. ಆದರೆ ಬೆಳೆಗೂ ಪ್ಲೇಟಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಹತ್ತು ಜೋಳದ ದಂಟುಗಳಲ್ಲಿ ಒಂದರ ಮೇಲೆ ನೆರಳು ಬಿದ್ದರೆ ಆ ಒಂದೇ ದಂಟು ಸೊರಗುತ್ತದೆ. ಪ್ಲೇಟಿನಲ್ಲಿ ಹಾಗಲ್ಲ. ಒಳಗಿನ ಕಪ್ಪು ಬಿಲ್ಲೆಗಳನ್ನು ಒಂದರ ಬಾಲಕ್ಕೆ ಇನ್ನೊಂದರಂತೆ ಸರ ಪೋಣಿಸಿರುತ್ತಾರೆ. ಅಂಥ ಇಪ್ಪತ್ತು ಇಪ್ಪತ್ತೈದು ಪ್ಲೇಟುಗಳನ್ನು ಮತ್ತೆ ಒಂದು ಸರವಾಗಿ ಕಟ್ಟಿರುತ್ತಾರೆ. ಕರೆಂಟು ಎಲ್ಲವನ್ನೂ ದಾಟಿಯೇ ಬರಬೇಕು. ನೀರಿನ ಪೈಪನ್ನು ಒಂದು ಕಡೆ ಒತ್ತಿ ಹಿಡಿದರೆ ಕೊನೆಯಲ್ಲಿ ನೀರು ಎಷ್ಟು ಬರುತ್ತದೆ? ನೆರಳು ಬಿದ್ದ ಬಿಲ್ಲೆ ಹಾಗೆ ಪೈಪನ್ನು ಹಿಸುಕುತ್ತದೆ. ಮೇಲಾಗಿ ಅದು ಬಿಸಿಯಾಗುತ್ತದೆ. ಬಹಳ ದಿನ ಹೀಗೆ ನಡೆದರೆ ಅಲ್ಲಿ ಸುಟ್ಟ ಕಲೆ ಬೀಳುತ್ತದೆ.

ಇದಕ್ಕೆ ಪ್ಲೇಟು ಮಾಡುವವರು ಉಪಾಯ ಮಾಡಿದ್ದಾರೆ. ಸಾಮಾನ್ಯವಾಗಿ ಒಂದು ಪ್ಲೇಟಿನ ಹಿಂದೆ ಮೂರು ಡಯೋಡು ಇಟ್ಟು, ಪ್ಲೇಟನ್ನು ಉದ್ದುದ್ದಕ್ಕೆ ಮೂರು ಭಾಗ ಮಾಡಿ, ನೆರಳು ಬಿದ್ದ ಭಾಗವನ್ನು ಬಿಟ್ಟು ಕರೆಂಟು ಅಡ್ಡದಾರಿಯಲ್ಲಿ ಹಾಯುವಂತೆ ಮಾಡಿರುತ್ತಾರೆ. ಆದರೆ ಪ್ಲೇಟನ್ನು ನಿಲ್ಲಿಸಿ ಜೋಡಿಸಿದ್ದರೆ ಮುಂದಿನ ಸಾಲಿನ ನೆರಳು ಬೀಳುವುದು ಕೆಳಗಿನ ಅಂಚಿನ ಉದ್ದಕ್ಕೂ. ಆಗ ಮೂರೂ ಭಾಗಗಳ ಬುಡ ಒಮ್ಮೆಗೇ ನೆರಳಿಗೆ ಸಿಕ್ಕುತ್ತದೆ, ಅಡ್ಡದಾರಿಯಿಂದ ಪ್ರಯೋಜನವಿಲ್ಲ. ಅಡ್ಡ ಮಲಗಿಸಿ ಜೋಡಿಸಿದ್ದರೆ ಒಂದು ಭಾಗ ಮಾತ್ರ ಹೋಗುತ್ತದೆ. ಈಗ ಬರುವ ಅರ್ಧ ಬಿಲ್ಲೆಯ ಪ್ಲೇಟುಗಳಲ್ಲಿ ಮೇಲರ್ಧ ಬೇರೆ, ಕೆಳಗಿನರ್ಧ ಬೇರೆ. ಕೆಳಗೆ ನೆರಳಿದ್ದರೂ ಮೇಲಿನದು ದುಡಿಯುತ್ತದೆ. ಹೊಲದಲ್ಲಿ ಯಾವ ನಮೂನೆಯ ಪ್ಲೇಟು ಬರುತ್ತದೆ, ನಿಲ್ಲಿಸುತ್ತಾರೋ ಮಲಗಿಸುತ್ತಾರೋ ಎಂದು ಕೇಳುವ ಹಕ್ಕು ನಿಮಗಿದೆ. ಕೇಳಿದರೆ ಎದುರಿನವರಿಗೂ ಇವರಿಗೆ ವಿಷಯ ಗೊತ್ತಿದೆ ಎಂದು ತಿಳಿಯುತ್ತದೆ!

ಕೋಲಿನ ಲೆಕ್ಕ

ನಮ್ಮ ನಾಲ್ಕೂ ಊರುಗಳು ಭೂಮಧ್ಯರೇಖೆಯಿಂದ ಉತ್ತರಕ್ಕೆ ಸುಮಾರು 16 ಡಿಗ್ರಿಯಲ್ಲಿವೆ. ಮೇ 5ರ ಸುಮಾರಿಗೆ ಒಮ್ಮೆ, ಆಗಸ್ಟ್ 8ರ ಸುಮಾರಿಗೆ ಒಮ್ಮೆ ಸೂರ್ಯ ನಡುನೆತ್ತಿಗೆ ಬರುತ್ತಾನೆ. ಆಗ ಸಾಲಿನ ನೆರಳಿನ ಚಿಂತೆಯೇ ಇಲ್ಲ. ಡಿಸೆಂಬರದಲ್ಲಿ ಸೂರ್ಯ ದಕ್ಷಿಣಕ್ಕೆ ಇಳಿದು, ನಡುಮಧ್ಯಾಹ್ನಕ್ಕೂ 50 ಡಿಗ್ರಿಯಷ್ಟೇ ಏರುತ್ತಾನೆ. ಪ್ಲೇಟುಗಳು ದಕ್ಷಿಣಕ್ಕೆ ಮುಖ ಮಾಡಿ ನಿಂತಿರುವುದರಿಂದ ಮುಂದಿನ ಸಾಲಿನ ನೆರಳು ಉತ್ತರದಲ್ಲಿರುವ ಹಿಂದಿನ ಸಾಲಿನ ಕಡೆಗೆ ಚಾಚುತ್ತದೆ. ಸಂಕ್ರಾಂತಿಯನ್ನು ನಾವು ಜನವರಿಯಲ್ಲಿ ಮಾಡುತ್ತೇವಾದರೂ ನೆರಳು ಅತಿ ಉದ್ದವಾಗುವ ದಿನ ಡಿಸೆಂಬರ 21 ಅಥವಾ 22.

ಎಳ್ಳಮಾವಾಸ್ಯೆ ಹೆಚ್ಚುಕಡಿಮೆ ಇದೇ ಹೊತ್ತಿಗೆ, ಡಿಸೆಂಬರ ಮಧ್ಯದಿಂದ ಜನವರಿ ಮಧ್ಯದೊಳಗೆ ಬರುತ್ತದೆ. ಚರಗ ಚೆಲ್ಲಲು ಹೇಗೂ ಹೊಲಕ್ಕೆ ಹೋಗುತ್ತೀರಿ. ಜೊತೆಗೆ ಒಂದು ನೆಟ್ಟಗಿನ ಕೋಲು, ಒಂದು ಟೇಪು ಒಯ್ಯಿರಿ. ಸಮತಟ್ಟಾದ ಜಾಗದಲ್ಲಿ, ನೆಲದ ಮೇಲೆ ಸರಿಯಾಗಿ 3 ಅಡಿ ನಿಲ್ಲುವಂತೆ ಕೋಲನ್ನು ನೆಡಿ. ನಮ್ಮ ಜಿಲ್ಲೆಯಲ್ಲಿ ಆ ದಿನಗಳಲ್ಲಿ ಸೂರ್ಯ ನಡುಮಧ್ಯಾಹ್ನಕ್ಕೆ ಬರುವುದು ಗಡಿಯಾರದ 12ಕ್ಕಲ್ಲ, ಡಿಸೆಂಬರ 21ಕ್ಕೆ 12 ಗಂಟೆ 25 ನಿಮಿಷದ ಸುಮಾರಿಗೆ. ಎಳ್ಳಮಾವಾಸ್ಯೆ ಜನವರಿಗೆ ಬಿದ್ದರೆ ಇನ್ನೂ ಕೆಲವು ನಿಮಿಷ ತಡ. ಆಗ ಬಿದ್ದ ಅತಿ ಗಿಡ್ಡ ನೆರಳು ನೇರ ಉತ್ತರವನ್ನು ತೋರಿಸುತ್ತದೆ, ಕಂಪಾಸು ಬೇಕಿಲ್ಲ. ಅದರ ಉದ್ದ ಸುಮಾರು ಎರಡೂವರೆ ಅಡಿ. ಅದಕ್ಕೆ ಮೂರು ತಾಸು ಮೊದಲು, ಅಂದರೆ 9 ಗಂಟೆ 25 ನಿಮಿಷಕ್ಕೆ, ಅದೇ ಕೋಲಿನ ನೆರಳು ವಾಯವ್ಯಕ್ಕೆ ಓರೆಯಾಗಿ 5 ಅಡಿ ಬೀಳುತ್ತದೆ. ಹೆದರಬೇಡಿ. ಸಾಲಿಗೆ ಬೇಕಾದದ್ದು ಓರೆ ಉದ್ದವಲ್ಲ. ಆ ನೆರಳಿನ ತುದಿ ಉತ್ತರಕ್ಕೆ ಎಷ್ಟು ಸರಿದಿದೆ ಎಂಬುದಷ್ಟೇ ಬೇಕು. ಅದು ಸುಮಾರು 3 ಅಡಿ 3 ಇಂಚು. ಎತ್ತರ ಒಂದು ಅಡಿಯಾದರೆ ಬಿಡಬೇಕಾದ ಜಾಗ ಒಂದು ಅಡಿ ಒಂದು ಇಂಚು ಎಂದು ನೆನಪಿಟ್ಟುಕೊಳ್ಳಿ.

ದಿಲ್ಲಿಯ ಕಡೆ ಇದೇ ಹೊತ್ತಿನ ಲೆಕ್ಕ ಹಿಡಿದರೆ ಒಂದು ಅಡಿ ಎತ್ತರಕ್ಕೆ ಒಂದು ಮುಕ್ಕಾಲು ಅಡಿ ಬಿಡಬೇಕಾಗುತ್ತದೆ. ಉತ್ತರ ದೇಶದ ನಕ್ಷೆಯನ್ನು ಇಲ್ಲಿಗೆ ಹಾಗೆಯೇ ತಂದರೆ ಜಾಗ ವ್ಯರ್ಥ, ಇಲ್ಲಿಯದನ್ನು ಅಲ್ಲಿಗೆ ಒಯ್ದರೆ ಕರೆಂಟು ವ್ಯರ್ಥ. ಮತ್ತೆ, ಬೆಳಿಗ್ಗೆ 8.25ರ ನೆರಳನ್ನೂ ತಪ್ಪಿಸುತ್ತೇನೆ ಎಂದು ಹೊರಟರೆ ನಮ್ಮಲ್ಲೂ ಒಂದೂವರೆ ಅಡಿ ಬೇಕು. ಆದರೆ ಆ ಹೊತ್ತಿನ ಎಳೆಬಿಸಿಲಿನಿಂದ ಸಿಗುವ ಕರೆಂಟು ಕಡಿಮೆ. ಆದ್ದರಿಂದ ನಡುಮಧ್ಯಾಹ್ನಕ್ಕೆ ಮೂರು ತಾಸು ಹಿಂದೆ, ಮೂರು ತಾಸು ಮುಂದೆ ನೆರಳು ಬೀಳಬಾರದು ಎಂದು ಹಿಡಿಯುವುದು ರೂಢಿ.

ಎತ್ತರ ಎಂದಾಗ ಬಹಳ ಜನ ಕಂಬದ ಎತ್ತರ ಎಂದು ತಿಳಿಯುತ್ತಾರೆ. ಅದಲ್ಲ. ಎಲ್ಲ ಸಾಲುಗಳ ಕಂಬಗಳೂ ಒಂದೇ ಎತ್ತರದಲ್ಲಿದ್ದರೆ ಅದು ಲೆಕ್ಕಕ್ಕೆ ಬರುವುದಿಲ್ಲ. ಪ್ಲೇಟಿನ ಕೆಳಗಿನ ಅಂಚಿನಿಂದ ಮೇಲಿನ ಅಂಚು ಎಷ್ಟು ಎದ್ದಿದೆ, ಅದೊಂದೇ ಎತ್ತರ.

ಒಂದು ಎಕರೆಯಲ್ಲಿ ಏನಾಗುತ್ತದೆ

ಈಗ ಮೊದಲನೆಯ ಸದಸ್ಯರ ನಾಲ್ಕು ಸಾಲಿನ ಮಾತಿಗೆ ಬರೋಣ. ಒಂದು ಎಕರೆ ಚೌಕವಾಗಿದ್ದರೆ ಒಂದೊಂದು ಬದಿ 208 ಅಡಿ. ಎರಡು ಪ್ಲೇಟುಗಳನ್ನು ಒಂದರ ಮೇಲೊಂದು ನಿಲ್ಲಿಸಿದರೆ ಓರೆಯ ಉದ್ದ 13 ಅಡಿ ಎಂದು ಹಿಡಿಯಿರಿ. ನಮ್ಮ ಭಾಗಕ್ಕೆ ಒಪ್ಪುವ 15 ಡಿಗ್ರಿ ಓರೆಯಲ್ಲಿ ಇಟ್ಟರೆ ಅದು ನೆಲದ ಮೇಲೆ ಹನ್ನೆರಡೂವರೆ ಅಡಿ ಹಿಡಿಯುತ್ತದೆ, ಮೇಲಿನ ಅಂಚು 3 ಅಡಿ 4 ಇಂಚು ಏಳುತ್ತದೆ. ಕೋಲಿನ ಲೆಕ್ಕದಂತೆ ಬಿಡಬೇಕಾದ ಜಾಗ 3 ಅಡಿ 8 ಇಂಚು. ಹೀಗೆ ಹಾಕಿದರೆ 208 ಅಡಿಯಲ್ಲಿ 13 ಸಾಲು ಕೂಡುತ್ತವೆ.

ಒತ್ತಾಗಿ ಹಾಕೋಣ ಎಂದು ನಡುವಿನ ಜಾಗವನ್ನು 2 ಅಡಿಗೆ ಇಳಿಸಿದರೆ ಎಷ್ಟು ಸಾಲು? ನಾಲ್ಕು ಹೆಚ್ಚಾಗುವುದಿಲ್ಲ. ಒಂದೇ ಒಂದು. 13ರ ಜಾಗದಲ್ಲಿ 14. ಅದಕ್ಕೆ ಕೊಡುವ ಬೆಲೆ ನೋಡಿ. ಡಿಸೆಂಬರದ ನಡುಮಧ್ಯಾಹ್ನ, ಸೂರ್ಯ ಆ ದಿನದ ಅತಿ ಎತ್ತರದಲ್ಲಿರುವಾಗಲೂ, ಮೊದಲನೆಯ ಸಾಲು ಬಿಟ್ಟು ಉಳಿದ 13 ಸಾಲುಗಳ ಕೆಳಗಿನ ಪ್ಲೇಟುಗಳ ಬುಡದ 8 ಇಂಚು ನೆರಳಿನಲ್ಲೇ ಇರುತ್ತದೆ. ಮಧ್ಯಾಹ್ನದ ಈ ನೆರಳು ಒಂದೆರಡು ದಿನದ್ದಲ್ಲ. ನವೆಂಬರ ಮೊದಲ ವಾರದಿಂದ ಫೆಬ್ರುವರಿ ಮೊದಲ ವಾರದವರೆಗೆ, ಮೂರು ತಿಂಗಳು. ಹಳೆಯ ನಮೂನೆಯ ಪ್ಲೇಟಾದರೆ 8 ಇಂಚಿನ ನೆರಳಿಗೆ ಕೆಳಗಿನ ಪ್ಲೇಟು ಬಹುಪಾಲು ಸತ್ತಂತೆಯೇ. ಅರ್ಧ ಬಿಲ್ಲೆಯದಾದರೆ ಅರ್ಧ ಉಳಿದೀತು. ಅದೂ ಯಾವ ತಿಂಗಳುಗಳು? ಮುಂಗಾರಿನ ಮೋಡವಿಲ್ಲದೆ ಆಕಾಶ ತಿಳಿಯಾಗಿ, ಗಾಳಿ ತಂಪಾಗಿ, ಪ್ಲೇಟು ಚೆನ್ನಾಗಿ ದುಡಿಯುವ ತಿಂಗಳುಗಳು. ಹಿಂಗಾರಿಯ ಕಡಲೆ, ಗೋದಿಗೆ ನೀರು ಹಾಯಿಸಲು ಪಂಪಸೆಟ್ಟಿಗೆ ಕರೆಂಟು ಬೇಕಾದ ತಿಂಗಳುಗಳೂ ಅವೇ.

ಪ್ಲೇಟಿನ ಬೆಲೆ ಇಳಿದಿರುವುದರಿಂದ ಈಗಿನ ಕೆಲವು ಎಂಜಿನಿಯರರು ಸ್ವಲ್ಪ ನೆರಳು ಬಿದ್ದರೂ ಬೀಳಲಿ, ಹೆಚ್ಚು ಪ್ಲೇಟು ಹಾಕೋಣ ಎನ್ನುತ್ತಾರೆ. ಭೂಮಿ ಬಹಳ ತುಟ್ಟಿಯಾದ ಕಡೆ ಆ ಲೆಕ್ಕ ಸರಿಹೋಗಬಹುದು. ಅಥವಾ ಓರೆಯನ್ನು 10 ಡಿಗ್ರಿಗೆ ಇಳಿಸಿದರೆ ಎತ್ತರ ಎರಡೂಕಾಲು ಅಡಿಗೆ, ಬಿಡಬೇಕಾದ ಜಾಗ ಎರಡೂವರೆ ಅಡಿಗೆ ಇಳಿಯುತ್ತದೆ. ವರ್ಷದ ಕರೆಂಟಿನಲ್ಲಿ ನಷ್ಟ ಅಲ್ಪ. ಆದರೆ ಪ್ಲೇಟು ಮಲಗಿದಷ್ಟೂ ಧೂಳು ಕೂರುತ್ತದೆ, ಮಳೆಗೆ ತೊಳೆದುಹೋಗುವುದಿಲ್ಲ. ಇಳಕಲ್ಲ ಕಡೆಯ ಗ್ರಾನೈಟ ಕ್ವಾರಿಗಳ ಹತ್ತಿರ ಅಥವಾ ಬಾಗಲಕೋಟೆಯ ಸಿಮೆಂಟ ಕಾರ್ಖಾನೆಗಳ ಗಾಳಿಯಲ್ಲಿ ಹೊಲ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತೊಳೆಯಲು ಆಳು ಓಡಾಡಬೇಕು, ಪೈಪು ಎಳೆಯಬೇಕು. ನೀರಿನ ಟ್ಯಾಂಕರು ಕಟ್ಟಿದ ಟ್ರ್ಯಾಕ್ಟರು ಹಾಯಬೇಕೆಂದರೆ ನನ್ನ ಅಂದಾಜಿನಲ್ಲಿ 8 ಅಡಿಯಾದರೂ ಬೇಕು. ಎಲ್ಲ ಸಾಲಿಗೂ 8 ಅಡಿ ಬಿಟ್ಟರೆ ಎಕರೆಗೆ ಹತ್ತೇ ಸಾಲು ಉಳಿಯುತ್ತವೆ. ಮೂರು ನಾಲ್ಕು ಸಾಲಿಗೊಂದು ಅಗಲ ದಾರಿ ಬಿಟ್ಟು, ಉಳಿದ ಕಡೆ ನೆರಳಿನ ಲೆಕ್ಕದಷ್ಟೇ ಬಿಡುವುದು ನನಗೆ ಸರಿಕಾಣುತ್ತದೆ.

ಇದೆಲ್ಲ ಸಮತಟ್ಟು ನೆಲದ ಲೆಕ್ಕ. ಬಾದಾಮಿ ಸುತ್ತಲಿನ ಗುಡ್ಡದ ಮಗ್ಗುಲಿನ ಮಸಾರಿ ಹೊಲಗಳು ಸಮತಟ್ಟಾಗಿಲ್ಲ. ಹೊಲ ಉತ್ತರಕ್ಕೆ ನೂರು ಅಡಿಗೆ 5 ಅಡಿ ಇಳಿದಿದ್ದರೆ, 3 ಅಡಿ 8 ಇಂಚಿನ ಬದಲು ಸುಮಾರು ನಾಲ್ಕೂವರೆ ಅಡಿ ಬಿಡಬೇಕು. ಅಷ್ಟೇ ಇಳಿಜಾರು ದಕ್ಷಿಣಕ್ಕಿದ್ದರೆ 3 ಅಡಿಯೊಳಗೆ ಮುಗಿಯುತ್ತದೆ. ದಕ್ಷಿಣಕ್ಕೆ ಇಳಿದ ಹೊಲ ನಿಮ್ಮದಾಗಿದ್ದರೆ ಅದು ಸೋಲಾರಕ್ಕೆ ಹೆಚ್ಚು ಬೆಲೆಯ ಹೊಲ. ಮಾತುಕತೆಯಲ್ಲಿ ಅದನ್ನು ಮರೆಯಬೇಡಿ. ಗುಡ್ಡವೇ ಪೂರ್ವಕ್ಕೋ ಪಶ್ಚಿಮಕ್ಕೋ ಅಡ್ಡ ನಿಂತಿದ್ದರೆ ಬೆಳಗಿನ ಅಥವಾ ಸಂಜೆಯ ಬಿಸಿಲು ಮೊದಲೇ ಹೋಯಿತು, ಸಾಲು ಎಷ್ಟು ದೂರ ಇಟ್ಟರೂ ಅದು ಬಾರದು. ಹುನಗುಂದದ ಕಡೆಯ ಎರೆಭೂಮಿ ಬಯಲಾಗಿರುವುದರಿಂದ ನೆರಳಿನ ತೊಂದರೆ ಕಡಿಮೆ. ಅಲ್ಲಿಯ ತೊಂದರೆ ಬೇರೆ. ಬೇಸಿಗೆಯಲ್ಲಿ ಬಿರುಕು ಬಿಟ್ಟು ಮಳೆಗಾಲದಲ್ಲಿ ಉಬ್ಬುವ ಎರೆಮಣ್ಣಿನಲ್ಲಿ ಕಂಬದ ಬುನಾದಿ ಆಳವಾಗಿರದಿದ್ದರೆ ಸಾಲು ವಾಲುತ್ತದೆ, ಅಳೆದು ಇಟ್ಟ ಓರೆ ಕೆಡುತ್ತದೆ.

ಗಿಡಗಳ ವಿಷಯಕ್ಕೂ ಅದೇ ಕೋಲು. ದಕ್ಷಿಣದ ಬದುವಿನಲ್ಲಿ 30 ಅಡಿಯ ಬೇವಿನ ಗಿಡವಿದ್ದರೆ ಡಿಸೆಂಬರ 21ರ 9.25ಕ್ಕೆ ಅದರ ನೆರಳು ಉತ್ತರಕ್ಕೆ 33 ಅಡಿ ಒಳಗೆ ಬರುತ್ತದೆ. ಪೂರ್ವದ ಬದುವಿನಲ್ಲಿದ್ದರೆ 8.25ಕ್ಕೆ ಪಶ್ಚಿಮಕ್ಕೆ 70 ಅಡಿಗೂ ಹೆಚ್ಚು. ಉತ್ತರದ ಬದುವಿನ ಗಿಡದಿಂದ ಮಾತ್ರ ಹೆಚ್ಚು ತೊಂದರೆಯಿಲ್ಲ. ಬೇವನ್ನು ಕಡಿಯಿರಿ ಎಂದು ನಾನು ಹೇಳುತ್ತಿಲ್ಲ. ಪ್ಲೇಟನ್ನೇ ಅಷ್ಟು ಹಿಂದೆ ಸರಿಸಿರಿ. ಆ ಗಿಡದ ಕೆಳಗೆ ದನ ನಿಲ್ಲಲಿ.

ಹುಲ್ಲಿನ ಪ್ರಶ್ನೆ

ಎರಡನೆಯ ಸದಸ್ಯರ ಎಮ್ಮೆಗೆ ಈಗ ಉತ್ತರ ಹೇಳಬಹುದು. ಸಾಲುಗಳ ನಡುವೆ 3 ಅಡಿ 8 ಇಂಚು ಜಾಗವಿದ್ದರೆ, ಡಿಸೆಂಬರದ ಮಧ್ಯಾಹ್ನ ಅದರಲ್ಲಿ ಪೌನೆ ಮೂರು ಅಡಿ ನೆರಳಲ್ಲೇ ಇರುತ್ತದೆ, ಬೆಳಿಗ್ಗೆ ಪೂರಾ ನೆರಳು. ಹಿಂಗಾರಿಯಲ್ಲಿ ಅಲ್ಲಿ ಮೇವು ಬೆಳೆಯುವ ಆಸೆ ಬೇಡ. ಮುಂಗಾರಿಯ ಕಥೆ ಬೇರೆ. ಜೂನದಿಂದ ಆಗಸ್ಟವರೆಗೆ ಸೂರ್ಯ ನೆತ್ತಿಯ ಸನಿಹದಲ್ಲಿರುತ್ತಾನೆ, ನಡುವಿನ ಪಟ್ಟಿಗೆ ಬಿಸಿಲು ನೇರ ಇಳಿಯುತ್ತದೆ. ಹನ್ನೆರಡೂವರೆ ಅಡಿ ಅಗಲದ ಪ್ಲೇಟಿನ ಮೇಲೆ ಬಿದ್ದ ಮಳೆಯೆಲ್ಲ ಕೆಳಗಿನ ಅಂಚಿನಿಂದ ಅದೇ ಪಟ್ಟಿಗೆ ಸುರಿಯುತ್ತದೆ. ನಮ್ಮಂಥ ಕಡಿಮೆ ಮಳೆಯ ಸೀಮೆಯಲ್ಲಿ ಇದು ಸಣ್ಣ ಲಾಭವಲ್ಲ. ಆದರೆ ಆ ಧಾರೆ ಒಂದೇ ಕಡೆ ಬಿದ್ದು ಮಣ್ಣು ಕೊರೆಯದಂತೆ ಹುಲ್ಲು ಹಿಡಿಸಬೇಕು, ನೀರು ಹರಿದುಹೋಗಲು ಕಾಲುವೆ ಮಾಡಬೇಕು.

ಯಾವ ಹುಲ್ಲು? ಪ್ಲೇಟಿನ ಕೆಳಗಿನ ಅಂಚು ನೆಲದಿಂದ ಎರಡು ಅಡಿಯಷ್ಟೇ ಇರುತ್ತದೆ. ಅದಕ್ಕಿಂತ ಎತ್ತರ ಬೆಳೆಯುವುದೆಲ್ಲ ತಾನೇ ನೆರಳು ಮಾಡುತ್ತದೆ. ಹೈಬ್ರಿಡ ನೇಪಿಯರು, ಮೇವಿನ ಜೋಳ, ಗೋವಿನಜೋಳ, ಸುಬಾಬುಲ್ ಇವು ಸಾಲುಗಳ ನಡುವೆ ಬೇಡವೇ ಬೇಡ. ಗಿನಿ ಹುಲ್ಲು ಅರೆನೆರಳನ್ನು ತಾಳುತ್ತದೆ, ಆದರೆ ಎತ್ತರವಾಗುತ್ತದೆ. ಮೇಲಿಂದ ಮೇಲೆ ಕೊಯ್ಯುವ ಖಾತ್ರಿ ಇದ್ದವರಷ್ಟೇ ಹಾಕಬೇಕು. ಅಂಜನ ಹುಲ್ಲು, ಸ್ಟೈಲೋ, ಅಲಸಂದಿ ಇಂಥವನ್ನು ಹಾಕಿ ಕೊಯ್ದು ಒಯ್ಯುವುದು ಒಳ್ಳೆಯದು. ದನಗಳನ್ನು ಒಳಗೆ ಬಿಡಬೇಡಿ. ಆಕಳು ಮೈ ತುರಿಸಿಕೊಳ್ಳಲು ಕಂಬವನ್ನೇ ಹುಡುಕುತ್ತದೆ, ಮತ್ತು ಅಲ್ಲಿ ಕರೆಂಟಿನ ವಾಯರುಗಳಿರುತ್ತವೆ. ಪ್ಲೇಟುಗಳನ್ನು ಎಂಟು ಹತ್ತು ಅಡಿ ಎತ್ತರದ ಕಂಬಗಳ ಮೇಲೆ ಏರಿಸಿ ಕೆಳಗೆ ಬೇಸಾಯ ಮಾಡುವ ಪದ್ಧತಿಯೂ ಇದೆ. ಜೋಧಪುರದ ಕೇಂದ್ರೀಯ ಶುಷ್ಕ ವಲಯ ಸಂಶೋಧನಾ ಸಂಸ್ಥೆಯವರು ಪ್ಲೇಟಿನ ಸಾಲುಗಳ ನಡುವೆ ಬೆಳೆ ತೆಗೆದು ನೋಡಿದ್ದಾರೆ, ಕೇರಳದ ಕೊಚ್ಚಿ ವಿಮಾನ ನಿಲ್ದಾಣದವರು ತರಕಾರಿ ಬೆಳೆದಿದ್ದಾರೆ. ಎತ್ತರ ಏರಿಸಿದರೆ ಕಬ್ಬಿಣದ ಖರ್ಚು ಏರುತ್ತದೆ, ಗಾಳಿಯ ಹೊಡೆತವೂ ಹೆಚ್ಚು.

ಈ ಹುಲ್ಲಿನ ಮಾತನ್ನು ಇಷ್ಟು ಉದ್ದ ಹೇಳಲು ಪಾವಗಡವೇ ಕಾರಣ. ತುಮಕೂರು ಜಿಲ್ಲೆಯ ಪಾವಗಡ ತಾಲೂಕಿನ ಐದು ಗ್ರಾಮಗಳ ಸುಮಾರು 13 ಸಾವಿರ ಎಕರೆಯಲ್ಲಿ 2050 ಮೆಗಾವ್ಯಾಟಿನ ಸೋಲಾರ ಪಾರ್ಕು ಎದ್ದಿದೆ. ಮೊದಲ ಹಂತ 2018ರ ಮಾರ್ಚದಲ್ಲಿ ಉದ್ಘಾಟನೆಯಾಯಿತು, 2019ರ ಡಿಸೆಂಬರಕ್ಕೆ ಪೂರ್ತಿಯಾಯಿತು. ಅಲ್ಲಿಯ ರೈತರು ಹೊಲ ಮಾರಲಿಲ್ಲ, ಗುತ್ತಿಗೆಗೆ ಕೊಟ್ಟರು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ನೂರಕ್ಕೆ 5ರ ಏರಿಕೆ ಎಂದು ಒಪ್ಪಂದವಾಯಿತು. ಬರಗಾಲದ ಸೀಮೆಯಲ್ಲಿ ಅದು ದೊಡ್ಡ ಆಸರೆಯೇ. ಆದರೆ ದನ, ಕುರಿ ಮೇಯುತ್ತಿದ್ದ ಭೂಮಿಯೂ ಬೇಲಿಯೊಳಗೆ ಸೇರಿತು. ಹೊಲವಿದ್ದವರಿಗೆ ಬಾಡಿಗೆ ಬಂತು, ಹೊಲವಿಲ್ಲದೆ ಪಶು ಸಾಕಿ ಬದುಕುತ್ತಿದ್ದವರಿಗೆ ಅದೂ ಇಲ್ಲ. ನಮ್ಮ ಸಂಘಗಳಲ್ಲಿ ದಿನಕ್ಕೆ ಎರಡು ಮೂರು ಲೀಟರು ಹಾಲು ಹಾಕುವ, ಸ್ವಂತ ಹೊಲವಿಲ್ಲದ ತಾಯಂದಿರು ಇಲ್ಲಿಯೇ ಕುಳಿತಿದ್ದಾರೆ. ಬದುವಿನ ಹುಲ್ಲು ಬೇಲಿಯೊಳಗೆ ಹೋದರೆ ಅವರ ಎಮ್ಮೆಯ ಗತಿಯೇನು?

ಬೇರೆ ದಾರಿಯೂ ಇದೆ. ಅಮೂಲಿನ ತವರು ಗುಜರಾತಿನ ಖೇಡಾ ಜಿಲ್ಲೆಯ ಢುಂಢಿ ಗ್ರಾಮದಲ್ಲಿ 2016ರಲ್ಲಿ ಆರು ಜನ ರೈತರು ಸೇರಿ ಸೌರ ವಿದ್ಯುತ್ ಉತ್ಪಾದಕರ ಸಹಕಾರಿ ಸಂಘ ಆರಂಭಿಸಿದರು. ಎಲ್ಲರ ಪಂಪಸೆಟ್ಟು ಕೂಡಿ 56.4 ಕಿಲೋವ್ಯಾಟು ಅಷ್ಟೇ. ತಮ್ಮ ಹೊಲಕ್ಕೆ ನೀರು ಹಾಯಿಸಿ ಉಳಿದ ಕರೆಂಟನ್ನು, ನಾವು ಹಾಲು ಹಾಕುವಂತೆಯೇ, ಒಟ್ಟಾಗಿ ಅಳೆದು ವಿದ್ಯುತ್ ಕಂಪನಿಗೆ ಮಾರಿದರು. ಕೇಂದ್ರ ಸರಕಾರ 2019ರಲ್ಲಿ ಆರಂಭಿಸಿದ ಪಿ.ಎಂ. ಕುಸುಮ್ ಯೋಜನೆಯಲ್ಲೂ 500 ಕಿಲೋವ್ಯಾಟಿನಿಂದ 2 ಮೆಗಾವ್ಯಾಟಿನವರೆಗಿನ ಘಟಕಗಳನ್ನು ರೈತರು, ಸಹಕಾರಿ ಸಂಘಗಳು, ಪಂಚಾಯತಿಗಳು ಹಾಕಲು ಅವಕಾಶ ಇಟ್ಟರು. ಒಂದು ಮೆಗಾವ್ಯಾಟಿಗೆ 4ರಿಂದ 5 ಎಕರೆ ಬೇಕು. ಹೊಲ ನಿಮ್ಮದೇ, ಪ್ಲೇಟೂ ನಿಮ್ಮದೇ ಆದರೆ ನೆರಳಿನಿಂದ ಆಗುವ ನಷ್ಟವೂ ನಿಮ್ಮದೇ. ಗುತ್ತಿಗೆಗೆ ಕೊಟ್ಟರೆ ಆ ನಷ್ಟ ಕಂಪನಿಯದು, ಹುಲ್ಲಿನ ನಷ್ಟ ನಿಮ್ಮದು.

ಆದ್ದರಿಂದ ಸಹಿ ಹಾಕುವ ಮೊದಲು ನಕ್ಷೆ ಬಿಚ್ಚಿಸಿ ನೋಡಿ. ಓರೆ ಎಷ್ಟು ಡಿಗ್ರಿ, ಕೆಳಗಿನ ಅಂಚು ನೆಲದಿಂದ ಎಷ್ಟು ಅಡಿ, ನಡುವೆ ಎಷ್ಟು ಅಡಿ ಎಂದು ಕೇಳಿ ಬರೆದುಕೊಳ್ಳಿ. ಬಾಡಿಗೆ ಪ್ಲೇಟು ಮುಚ್ಚಿದ ಜಾಗಕ್ಕಷ್ಟೇ ಅಲ್ಲ, ನಡುವಿನ ಪಟ್ಟಿ, ದಾರಿ, ಗಿಡಕ್ಕಾಗಿ ಹಿಂದೆ ಸರಿದ ಜಾಗ ಎಲ್ಲ ಸೇರಿ ಗುಂಟೆ ಲೆಕ್ಕದಲ್ಲಿ ಬರಬೇಕು. ನಡುವಿನ ಹುಲ್ಲು ಕೊಯ್ಯುವ ಹಕ್ಕು ಯಾರಿಗೆ, ಯಾವ ತಿಂಗಳು, ಯಾವ ಬಾಗಿಲಿನಿಂದ ಎಂಬುದು ಕಾಗದದ ಮೇಲೆ ಇರಲಿ. ಕಂಪನಿಗೂ ಹುಲ್ಲು ಕೊಯ್ಯಿಸುವ ಖರ್ಚು ಉಳಿಯುತ್ತದೆ, ಆದ್ದರಿಂದ ಕೇಳಿದರೆ ಕೊಡುವ ಸಾಧ್ಯತೆ ಇದೆ. ಸಂಘದ ಮೂಲಕ ಕೇಳಿದರೆ ಇನ್ನೂ ಹೆಚ್ಚು. ಕಳೆ ಸಾಯಿಸುವ ಔಷಧ ಹೊಡೆಯಬಾರದು ಎಂಬ ಮಾತನ್ನೂ ಅದರಲ್ಲಿ ಸೇರಿಸಿ. ಆ ಹುಲ್ಲು ತಿಂದ ಎಮ್ಮೆಯ ಹಾಲು ನಮ್ಮ ಕ್ಯಾನಿಗೇ ಬರುತ್ತದೆ.

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬ ಹಿರಿಯರು ಚೀಟಿ ಕಳಿಸಿದ್ದಾರೆ. "ಎಮ್ಮೆ ಬೇಡ ಎಂದಿರಿ, ಆಡು ಕುರಿ ಬಿಡಬಹುದೆ?" ಎಂದು. ಯಜಮಾನರೆ, ಕುರಿ ಬಿಡಬಹುದು. ಹೊರದೇಶಗಳಲ್ಲಿ ಸೋಲಾರ ಹೊಲದ ಹುಲ್ಲನ್ನು ಕುರಿಗಳಿಂದಲೇ ಮೇಯಿಸುತ್ತಾರೆ. ವಾಯರು ನೆಲಕ್ಕೆ ಜೋತುಬಿದ್ದಿಲ್ಲವೆಂದು ಮೊದಲು ನೋಡಿಕೊಳ್ಳಿ. ಆಡು ಮಾತ್ರ ಬೇಡ. ಆಡಿಗೆ ಹುಲ್ಲಿಗಿಂತ ಪ್ಲೇಟಿನ ಮೇಲೆ ಹತ್ತಿ ನಿಲ್ಲುವುದೇ ಇಷ್ಟ. ಆ ನೆರಳಿಗೆ ನನ್ನ ಹತ್ತಿರ ಲೆಕ್ಕವಿಲ್ಲ.